ಅಚಲ ಪಟ್ಟಿಗೆ ಒಂದು ಹೆಸರು

ಮನುಷ್ಯನಿಗೆ ಒಂದು ವಸ್ತು ಎಷ್ಟು ಬೇಕು ಎಂಬುದನ್ನು ತಕ್ಕಡಿಯಲ್ಲಿಟ್ಟು ತೂಗಲು ಬಂದರೆ ಏನಾದೀತು? ಪ್ರೇಮಿಗಳು ಮೊದಲು ಓಡಿ ಬಂದಾರು ಎಂದು ನೀವು ಅಂದುಕೊಂಡಿದ್ದರೆ ನಿಮ್ಮದು ಒಳ್ಳೆಯ ಮನಸ್ಸು. ನಡೆದದ್ದು ಬೇರೆ. ಮೊದಲು ಓಡಿ ಬಂದವರು ಸುಂಕದವರು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮ ಹಿರಿಯರು ಹೇಳಿದ್ದು ಅವನಿಗೆ ಕಿವಿಯಿಲ್ಲ ಎಂಬ ಅರ್ಥದಲ್ಲಿ. ಹಂಬಲಮಾಪಕ ಬಂದ ಮೇಲೆ ಆ ಗಾದೆ ಕೆಟ್ಟುಹೋಯಿತು. ಈಗ ಸುಂಕದವನು ಎಲ್ಲರ ಸುಖದುಃಖವನ್ನೂ ಕಿವಿಗೊಟ್ಟು ಕೇಳುತ್ತಿದ್ದ. ಕೇಳಿ, ಅದಕ್ಕೇ ಸುಂಕ ಹಾಕುತ್ತಿದ್ದ.

ಮಾಪಕ ನೋಡಲು ಒಂದು ಬಳೆ. ಬಲಗೈಗೆ ತೊಡಬೇಕು. ಅಂಗಡಿಯಲ್ಲಿ ನೀವೊಂದು ವಸ್ತುವನ್ನು ಕೈಗೆತ್ತಿಕೊಂಡಿರಿ ಎನ್ನಿ. ಎದುರಿನ ತೆರೆಯ ಮೇಲೆ ಅದರ ಬೆಲೆ ಮೂಡುತ್ತದೆ. ಆಗ ಅಂಗೈಯ ಬೆವರು, ನಾಡಿಯ ಬಡಿತ, ಬೆರಳುಗಳ ಬಿಗಿತ ಮೂರನ್ನೂ ಬಳೆ ಓದುತ್ತದೆ. ಬೆಲೆ ಇನ್ನೆಷ್ಟು ಏರಿದರೆ ಈ ಕೈ ಈ ವಸ್ತುವನ್ನು ಕೆಳಗಿಟ್ಟೀತು ಎಂದು ಲೆಕ್ಕ ಹಾಕಿ ಒಂದು ಅಂಕಿ ಕೊಡುತ್ತದೆ. ಅದಕ್ಕೆ 'ಬಿಡುವ ಬೆಲೆ' ಎಂದು ಹೆಸರು. ನಾಲಿಗೆ ಏನು ಬೇಕಾದರೂ ಹೇಳಲಿ, ಬಳೆಗೆ ಅದರ ಹಂಗಿಲ್ಲ.

ಜನ ಸುಮ್ಮನಿದ್ದಾರೆಯೇ? ಚಹಾಪುಡಿ ಕೊಳ್ಳುವಾಗ ಹದಿಮೂರರ ಮಗ್ಗಿ ಹೇಳಿಕೊಳ್ಳುವುದನ್ನು ಕಲಿತರು. ಹಾಲಿನ ಪೊಟ್ಟಣ ಹಿಡಿದು ಅತ್ತ ಮುಖ ತಿರುಗಿಸಿ, ಸತ್ತ ಇಲಿಯನ್ನು ನೆನೆಸಿಕೊಂಡರು. ಯಾವುದೂ ಹೆಚ್ಚು ದಿನ ನಡೆಯಲಿಲ್ಲ. ಮೈ ಸುಳ್ಳು ಹೇಳುವುದನ್ನು ಅಷ್ಟು ಬೇಗ ಕಲಿಯುವುದಿಲ್ಲ.

ಈ ಬಳೆಯನ್ನು ಮಾಡಿದವಳು ಹುಬ್ಬಳ್ಳಿಯ ಇಂದುಮತಿ ಸವಣೂರ. ಈಗ ನಲವತ್ತೇಳರ ವಯಸ್ಸು, ಸುಂಕ ಮಂಡಳಿಯ ಮುಖ್ಯ ಮಾಪಕಿ. ಇಪ್ಪತ್ತೆರಡು ವರ್ಷದ ಹಿಂದೆ ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಅವಳು ಅದನ್ನು ಮಾಡಿದ್ದು ಸುಂಕ ಹಾಕಲಿಕ್ಕಲ್ಲ, ಅರ್ಥಶಾಸ್ತ್ರದ ಒಂದು ಹಳೆಯ ಮಾತು ನಿಜವೋ ಸುಳ್ಳೋ ನೋಡಲಿಕ್ಕೆ. ಆದಾಯದ ಮೇಲಿನ ತೆರಿಗೆಗೂ ವಸ್ತುವಿನ ಮೇಲಿನ ತೆರಿಗೆಗೂ ಏನು ವ್ಯತ್ಯಾಸ ಎಂಬುದು ಆ ಮಾತು.

ಅವಳು ನೂರು ಮನೆಗಳನ್ನು ಆರಿಸಿಕೊಂಡಳು. ಐವತ್ತು ಮನೆಗಳಿಂದ ವಾರಕ್ಕೆ ನಲವತ್ತು ರೂಪಾಯಿಯನ್ನು ಗಳಿಕೆಯಿಂದಲೇ ನೇರವಾಗಿ ತೆಗೆದುಕೊಂಡಳು. ಉಳಿದ ಐವತ್ತು ಮನೆಗಳಲ್ಲಿ ಒಳ್ಳೆಣ್ಣೆಯ ಬೆಲೆ ಏರಿಸಿ ಅಷ್ಟೇ ನಲವತ್ತು ಬರುವಂತೆ ಮಾಡಿದಳು. ಖಜಾನೆಗೆ ಎರಡೂ ಒಂದೇ. ಮನೆಗಳಿಗೆ ಒಂದೇ ಆಗಿರಲಿಲ್ಲ. ಗಳಿಕೆಯಿಂದ ಕೊಟ್ಟವರು ತಮಗೆ ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನು ಉಳಿಸಿಕೊಂಡರು. ಎಣ್ಣೆಯವರ ಮನೆಯಲ್ಲಿ ಮಾತ್ರ ಬಜಿ ನಿಂತಿತು, ಒಗ್ಗರಣೆ ತೆಳುವಾಯಿತು, ಹಪ್ಪಳ ಸುಟ್ಟು ತಿಂದರು. ಅವರ ತೃಪ್ತಿ ನಲವತ್ತು ರೂಪಾಯಿಗಿಂತ ಹೆಚ್ಚು ಇಳಿದಿತ್ತು. ಆ ಹೆಚ್ಚಿನ ನಷ್ಟ ಸರಕಾರಕ್ಕೂ ಸೇರದೆ, ಜನರಿಗೂ ಉಳಿಯದೆ ಗಾಳಿಗೆ ಹೋಗಿತ್ತು. ತೆರಿಗೆ ಹಾಕುವುದಾದರೆ ಆದಾಯಕ್ಕೆ ಹಾಕಿ, ಜನರ ಕೈ ತಿರುಚಬೇಡಿ ಎಂದು ಅವಳು ಬರೆದಳು.

ಸರಕಾರ ಆ ಬರಹವನ್ನು ಓದಿತು. ಬುಡಮೇಲು ಮಾಡಿ ಓದಿತು. ಕೈ ತಿರುಚಿದಾಗ ಮಾತ್ರ ನಷ್ಟ ಎಂದಾದರೆ, ಎಷ್ಟು ತಿರುಚಿದರೂ ತಿರುಗದ ಕೈಗಳನ್ನು ಹುಡುಕಿದರಾಯಿತು! ಜನ ಏನೇ ಆದರೂ ಬಿಡದ ವಸ್ತುಗಳಿಗೆ ಸುಂಕ ಹಾಕಿದರೆ ಗಾಳಿಗೆ ಹೋಗುವುದು ಏನೂ ಇಲ್ಲ. ಅಂಥ ವಸ್ತುಗಳದೇ ಒಂದು ಪಟ್ಟಿಯಾಯಿತು. ಅದರ ಹೆಸರು ಅಚಲ ಪಟ್ಟಿ. ಆದಾಯ ತೆರಿಗೆ ದುಡಿಯುವ ಕೈಯನ್ನು ಕಟ್ಟಿಹಾಕುತ್ತದೆ ಎಂಬ ಕಾರಣ ಕೊಟ್ಟು ಅದನ್ನು ರದ್ದು ಮಾಡಿ ಈಗ ಒಂಬತ್ತು ವರ್ಷ. ಕೂಸಿನ ಹಾಲುಪುಡಿ, ಸಕ್ಕರೆ ಕಾಯಿಲೆಯವರ ಇನ್ಸುಲಿನ್, ಸೀಮೆ ಹೆಂಚು, ಶಾಲೆಯ ಪಾಟಿ ಎಲ್ಲ ಪಟ್ಟಿಗೆ ಬಂದು ನೂರಕ್ಕೆ ನಲವತ್ತರ ಸುಂಕ ಹೊತ್ತವು. ಬಂಗಾರ, ವಿದೇಶ ಪ್ರವಾಸ, ದೊಡ್ಡ ಕಾರುಗಳನ್ನು ಕೊಳ್ಳುವವರ ಕೈ ಬಹಳ ಸಡಿಲ. ಸುಂಕ ಹಾಕಿದರೆ ಬೇರೆ ಏನನ್ನೋ ಕೊಂಡುಬಿಡುತ್ತಾರೆ. ಹಾಗಾಗಿ ಅವಕ್ಕೆ ನೂರಕ್ಕೆ ಎರಡು.

ಒಂದು ವಸ್ತು ಅಚಲ ಎಂದು ಸಾರುವ ಪ್ರತಿ ಪ್ರಮಾಣಪತ್ರದ ಕೆಳಗೂ ಇಂದುಮತಿಯ ಸಹಿ ಇತ್ತು. ಅಳತೆ ಸರಿಯಿದೆಯೇ ಎಂದು ಕೇಳಿದರು, ಸರಿಯಿದೆ ಎಂದಳು. ಅಷ್ಟೇ ತನ್ನ ಕೆಲಸ ಎಂದು ಒಂಬತ್ತು ವರ್ಷ ನಂಬಿಕೊಂಡಿದ್ದಳು.

ಮನೆಯಲ್ಲಿ ಅವಳ ನೆಗೆಣ್ಣಿ ಬಸಲಿಂಗವ್ವ ಅದನ್ನು ನಂಬಿರಲಿಲ್ಲ. ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ ಅಣ್ಣತಮ್ಮಂದಿರ ಹೆಂಡಂದಿರು ಇಬ್ಬರೇ ಉಳಿದಿದ್ದರು. ಗಂಡಂದಿರು ತೀರಿಹೋಗಿ ವರ್ಷಗಳಾಗಿದ್ದವು. ನಡುವೆ ಒಂದು ಪಡಸಾಲೆ, ಅತ್ತ ಒಂದು ಒಲೆ, ಇತ್ತ ಒಂದು ಒಲೆ. ಬಸಲಿಂಗವ್ವ ಹದಿನಾಲ್ಕು ಹೆಂಗಸರನ್ನು ಕಟ್ಟಿಕೊಂಡು ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಹಮಾಲರು, ಹಾಸ್ಟೆಲಿನ ಮಕ್ಕಳು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕುಳಿತವರು ಅವಳ ಗಿರಾಕಿಗಳು. ಮೊದಲ ಸಲ ಮಾಪಕದ ಬಳೆ ಬಂದಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗಂಡ ಸತ್ತಾಗ ಊರಾಗಿನ ಮಂದಿ ನನ್ನ ಬಳಿ ಒಡದ್ರು. ಈಗ ಸರಕಾರ ತಾನಽ ಬಂದು ಬಳಿ ತೊಡಸಾಕ ಹತ್ತೈತಿ. ಪುಣ್ಯವಂತಿ ನಾನು!" ಎಂದಿದ್ದಳು.

ಶ್ರಾವಣ ಹಿಡಿಯಲು ಹತ್ತು ದಿನ ಇತ್ತು. ಕೆಲಸದಿಂದ ಬಂದ ಇಂದುಮತಿ ಪಡಸಾಲೆಯಲ್ಲಿ ಕುಳಿತಳು. ಬಸಲಿಂಗವ್ವ ಒಂದು ತಾಟನ್ನು ತಳ್ಳಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ರೊಟ್ಟಿಯ ಒಂದು ಅಂಚು ಕರ್ರಗೆ ಸೀದಿತ್ತು. ಮೂವತ್ತು ವರ್ಷದಲ್ಲಿ ಈ ಕೈಯ ರೊಟ್ಟಿ ಸೀದದ್ದನ್ನು ಇಂದುಮತಿ ಕಂಡಿರಲಿಲ್ಲ.

"ಅಕ್ಕಾ, ಕನ್ನಡಕ ಎಲ್ಲೈತಿ?"

"ಒಡದ ಹೋಗಿ ಎಂಟ ತಿಂಗಳಾತು."

"ಹೊಸಾದು ಯಾಕ ತರಲಿಲ್ಲ?"

ಬಸಲಿಂಗವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನಿನ್ನ ಆಫೀಸಿನ್ಯಾಗ ನನ್ನ ಸಕ್ಕರಿ ಬ್ಯಾನಿ ಸೂಜಿ ಅಚಲ ಅಂತ ಬರದ್ರೆಲ್ಲಾ, ಖರೇನ ಬರದಾರ. ಸೂಜಿ ಬಿಟ್ಟರ ನಾ ಸಾಯ್ತೀನಿ, ಹಂಗಾಗಿ ಬಿಟ್ಟಿಲ್ಲ. ಅದಕ್ಕ ಹಾಲು ಬಿಟ್ಟೆ. ಬಸ್ಸು ಬಿಟ್ಟು ನಡಕೋತ ಹೊಂಟೀನಿ. ಕನ್ನಡಕ ಬಿಟ್ಟೆ. ಅವನ್ನೆಲ್ಲ ನಿನ್ನ ಬಳಿ ಅಳದೈತೇನು?"

ಇಂದುಮತಿ ರೊಟ್ಟಿಯ ಸೀದ ಅಂಚನ್ನು ಮುರಿದು ಬದಿಗಿಟ್ಟಳು.

"ದಿನಕ್ಕ ಎರಡ ಸಲ ಹೊಟ್ಟಿಗೆ ಚುಚ್ಚಕೋತೀನಿ ಇಂದೂ. ಎರಡೂ ಸಲ ನಿನ್ನ ಸಹಿ ಚುಚ್ಚತೈತಿ. ಇಷ್ಟ ದಿನ ಬಾಯಿ ಬಿಟ್ಟ ಹೇಳಲಿಲ್ಲ. ಈಗ ರೊಟ್ಟಿಗೂ ನಲವತ್ತು ಹಾಕ್ತಾರಂತ, ಪೇಪರಿನ್ಯಾಗ ಬಂದೈತಿ. ಅದಕ್ಕೂ ನೀನಽ ಸಹಿ ಹಾಕಾಕಿ ಹೌದಿಲ್ಲೋ?"

"ಪರೀಕ್ಷಾ ಆಗ್ಬೇಕು ಮೊದಲ. ಅಳತಿ ಏನ ಬರತೈತಿ..."

"ಅಳತಿ ಬ್ಯಾರೆ ಬೇಕಾ? ಹಮಾಲ ಮಂದಿ ರೊಟ್ಟಿ ಬಿಡ್ತಾರೇನ? ಬಿಡಂಗಿಲ್ಲ. ಪಲ್ಯ ಬಿಡ್ತಾರ, ಮಜ್ಜಿಗಿ ಬಿಡ್ತಾರ. ಒಣಾ ರೊಟ್ಟಿಗೆ ಖಾರ ಹಚಗೊಂಡು ತಿಂತಾರ. ನಮ್ಮ ಕೇಂದ್ರದ ಮಾಬೂಬಿ ಮೊಮ್ಮಗಳ ಸಾಲಿ ಬಿಡಸ್ತಾಳ. ನಿನ್ನ ತೆರಿ ಮ್ಯಾಲೆ ಗೆರಿ ಹೆಂಗ ಇತ್ತೋ ಹಂಗಽ ಇರತೈತಿ, ನೀವೆಲ್ಲಾ ಚಪ್ಪಾಳಿ ತಟ್ಟರಿ."

ಇಂದುಮತಿಗೆ ಸಿಟ್ಟು ಬಂತು. ನೆಗೆಣ್ಣಿಯ ಮೇಲೆ ಬಂದ ಸಿಟ್ಟೇ ಎಂದು ಮೊದಲು ಅಂದುಕೊಂಡಳು. ಸೀದ ಅಂಚನ್ನು ಬಾಯಿಗಿಟ್ಟಾಗ ಅದು ತನ್ನ ಮೇಲಿನದು ಎಂದು ತಿಳಿಯಿತು. ತಾಟಿನಲ್ಲಿದ್ದುದನ್ನು ಪೂರ್ತಿ ತಿಂದು, ಕೈ ತೊಳೆದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಮಾಪನ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಗೋಡೆ ತುಂಬ ತೆರೆಗಳು. ಪ್ರತಿಯೊಂದರ ಮೇಲೂ ಒಂದೊಂದು ವಸ್ತುವಿನ ಗೆರೆ. ಇಡೀ ಸೀಮೆಯ ಬಳೆಗಳು ಕಳಿಸುವ ಓದುಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಒಂಬತ್ತು ವರ್ಷ ಅವಳು ಒಂದು ವಸ್ತುವಿಗೆ ಸುಂಕ ಹಾಕಿದ ಮೇಲೆ ಆ ವಸ್ತುವಿನ ಗೆರೆಯನ್ನಷ್ಟೇ ನೋಡುತ್ತಿದ್ದಳು. ಈಗ ಅದನ್ನು ಬಿಟ್ಟು, ಇನ್ಸುಲಿನ್ ಕೊಳ್ಳುವ ಮನೆಗಳ ಉಳಿದೆಲ್ಲ ಗೆರೆಗಳನ್ನು ಒಟ್ಟಿಗೆ ತೆರೆಗೆ ತಂದಳು. ಹಾಲು ಇಳಿದಿತ್ತು. ಬೇಳೆ ಇಳಿದಿತ್ತು. ಚಪ್ಪಲಿ, ಬಸ್ಸಿನ ಟಿಕೀಟು, ಮಕ್ಕಳ ನೋಟುಬುಕ್ಕು ಎಲ್ಲ ಇಳಿದಿದ್ದವು. ಇನ್ಸುಲಿನ್ನಿನದೊಂದು ನೆಟ್ಟಗೆ ನಿಂತಿತ್ತು.

ಗಣಿತ ತಪ್ಪಿರಲಿಲ್ಲ. ಗಾಳಿಗೆ ಹೋದ ನಷ್ಟ ನಿಜವಾಗಿಯೂ ಸೊನ್ನೆಯೇ. ಬಡವರ ಮನೆಯಿಂದ ತೆಗೆದುಕೊಂಡ ಒಂದು ಪೈಸೆಯೂ ಪೋಲಾಗದೆ ಖಜಾನೆಗೆ ಸೇರಿತ್ತು. ಯಾರ ಮನೆಯಿಂದ ಎಂದು ಮಾತ್ರ ಆ ಗಣಿತ ಕೇಳಿರಲಿಲ್ಲ. ಬೇರೆ ದಾರಿಯಿಲ್ಲದವನ ಕೈಯೇ ಎಲ್ಲಕ್ಕಿಂತ ಅಚಲ. ಹತ್ತು ದಾರಿ ಇದ್ದವನ ಕೈ ಸಡಿಲ. ಇದನ್ನು ತಿಳಿಯಲು ಇಪ್ಪತ್ತೆರಡು ವರ್ಷದ ಯಂತ್ರ ಬೇಕಿರಲಿಲ್ಲ, ಪಡಸಾಲೆ ದಾಟಿ ಆ ಕಡೆಯ ಒಲೆಯ ಹತ್ತಿರ ಹೋಗಿದ್ದರೆ ಸಾಕಿತ್ತು. ಇಂದುಮತಿಗೆ ನಾಚಿಕೆಯಾಯಿತು.

ಹನ್ನೊಂದು ಗಂಟೆಗೆ ಮಂಡಳಿಯ ಅಧ್ಯಕ್ಷ ವಸಂತರಾವ ಇನಾಮದಾರ ಬಂದರು. ಇಸ್ತ್ರಿ ಮುರಿಯದ ಅಂಗಿ, ಸಣ್ಣ ದನಿ, ಎಲ್ಲರಿಗೂ ಮರ್ಯಾದೆ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು. ಅವಳು ಗೆರೆಗಳನ್ನು ತೋರಿಸಿದಳು. ಅವರು ಸಮಾಧಾನದಿಂದ ನೋಡಿದರು.

"ಛಲೋ ಕೆಲಸ ಮಾಡೀರಿ ಇಂದುಮತಿಯವರ. ಆದ್ರ ಇದು ಮಾಪನ ಅಲ್ಲ, ಮರುಕ. ಮರುಕಕ್ಕ ನಮ್ಮ ನಿಯಮದೊಳಗ ಕಾಲಂ ಇಲ್ಲ."

"ಸರ್, ಆದಾಯಕ್ಕ ಹಾಕಿದ್ರ ಈ ಯಾವ ಗೆರಿನೂ ಬೀಳ್ತಿರಲಿಲ್ಲ. ನನ್ನ ಮೊದಲನೇ ಪ್ರಯೋಗದಾಗ..."

"ಆದಾಯಕ್ಕ ಹಾಕಿದ್ರ ಬುದ್ಧಿವಂತರು ದುಡಿಯೂದು ಬಿಡ್ತಾರ. ಗೊತ್ತಿದ್ದ ಮಾತದು."

"ಯಾರು ಅಳದಾರ್ರೀ ಸರ್ ಅದನ್ನ?"

ಇನಾಮದಾರರು ನಕ್ಕರು. "ಅಳೀಬೇಕಾಗಿಲ್ಲ. ಇರ್ಲಿ. ರೊಟ್ಟಿ ಪರೀಕ್ಷಾ ಬರೋ ಸೋಮವಾರ. ಒಬ್ಬೊಬ್ಬರನ್ನ ಡಬ್ಬಿಯಂಥಾ ಖೋಲಿಯೊಳಗ ಕೂಡಿಸಿಕೋತ ಹೋದ್ರ ನಾಕು ದಿನ ಹಿಡೀತದ. ಸಾರ್ವಜನಿಕ ಪರೀಕ್ಷಾ ಅಂದ ಮ್ಯಾಲೆ ಜನಾನೂ ನೋಡಲಿ. ಒಂದು ಮಂಗಲ ಕಾರ್ಯಾಲಯ ಹಿಡದೀನಿ. ಇನ್ನೂರು ಮಂದಿಗೆ ಸಾಲಾಗಿ ಪಂಗ್ತಿ ಹಾಕಿಸ್ರಿ. ಪತ್ರಿಕಾದವರೂ ಬರ್ತಾರ, ಊರಿನ ಗಣ್ಯರನ್ನೂ ಕರದೀನಿ. ಒಂದು ತಾಸಿನೊಳಗ ಮುಗೀಬೇಕು."

ಸುಂಕದ ನಿಯಮವನ್ನು ಬರೆದವರೂ ಅವರೇ. ವರ್ಷಕ್ಕೆ ಒಂದೇ ಪ್ರಮಾಣಪತ್ರ. ಅಳೆದ ವಸ್ತುಗಳಲ್ಲಿ ಯಾವುದು ಎಲ್ಲಕ್ಕಿಂತ ಅಚಲವೋ ಅದಕ್ಕೆ. ಮುಖ್ಯ ಮಾಪಕಿ ಪರೀಕ್ಷೆಯ ಸ್ಥಳದಲ್ಲೇ ಸಹಿ ಮಾಡಿದರೆ ಅದನ್ನು ಯಾರೂ ಹಿಂತೆಗೆಯುವಂತಿಲ್ಲ, ನೇರ ವಿಧಾನಸಭೆಗೆ ಹೋಗಿ ಅಲ್ಲಿ ಓದಲ್ಪಡಬೇಕು. ವಿರೋಧ ಮಾಡುವವರು ನಡುವೆ ತಲೆ ಹಾಕದಿರಲಿ ಎಂದು ಅವರು ಹಾಗೆ ಬರೆದಿದ್ದರು. ಕಲಂ ಹನ್ನೊಂದು. ಇಂದುಮತಿ ಆ ಕಲಮನ್ನು ಆ ವಾರದಲ್ಲಿ ಎಷ್ಟು ಸಲ ಓದಿದಳೋ ಅವಳಿಗೇ ಗೊತ್ತು.

ಸೋಮವಾರ ಮಂಗಲ ಕಾರ್ಯಾಲಯ ತುಂಬಿತ್ತು. ಇನ್ನೂರು ಜನ ನೆಲದ ಮೇಲೆ ಉದ್ದ ಜಮಖಾನೆ ಹಾಸಿ ಸಾಲಾಗಿ ಕುಳಿತಿದ್ದರು. ಎಲ್ಲರ ಕೈಯಲ್ಲೂ ಬಳೆ, ಮುಂದೆ ಒಂದು ತಾಟು, ತಾಟಿನಲ್ಲಿ ಒಂದು ರೊಟ್ಟಿ, ಪಕ್ಕದಲ್ಲಿ ಖರ್ಚಿಗೆ ಅವರವರ ಗಳಿಕೆಗೆ ತಕ್ಕಷ್ಟು ಬಿಲ್ಲೆ. ಎದುರಿನ ದೊಡ್ಡ ತೆರೆಯಲ್ಲಿ ಬೆಲೆ ಏರುತ್ತ ಹೋಗುತ್ತದೆ; ಆದಷ್ಟು ಹೊತ್ತು ಬಿಲ್ಲೆ ಕೊಡುತ್ತ ರೊಟ್ಟಿಯನ್ನು ಹಿಡಿದುಕೊಳ್ಳಬೇಕು, ಆಗದಾಗ ಕೆಳಗಿಡಬೇಕು. ಬೆಲೆ ಎರಡು ಪಟ್ಟಾದಾಗಲೂ ನೂರಕ್ಕೆ ಎಂಬತ್ತು ಕೈಗಳು ಹಿಡಿದೇ ಇದ್ದರೆ ವಸ್ತು ಅಚಲ. ರೊಟ್ಟಿ ಬಡಿದು ತಂದದ್ದು ಬಸಲಿಂಗವ್ವನ ಹೆಂಗಸರು. ಬಡಿಸುತ್ತಿದ್ದವಳು ಬಸಲಿಂಗವ್ವ.

ಇನಾಮದಾರರು, ಮಂಡಳಿಯ ಆರು ಸದಸ್ಯರು, ಹದಿನೆಂಟು ಮಂದಿ ಗಣ್ಯರು ಗೋಡೆಯ ಬಳಿ ಕೈಕಟ್ಟಿ ನಿಂತಿದ್ದರು. ಬಸಲಿಂಗವ್ವ ರೊಟ್ಟಿಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ಅವರ ಎದುರಿಗೆ ನಿಂತಳು.

"ಮಂದಿ ಪಂಗ್ತಿಗೆ ಕುಂತಾಗ ಹಿಂಗ ತಲಿ ಮ್ಯಾಲೆ ನಿಂದರತಾರೇನ್ರಿ ಸಾಹೇಬ್ರ? ನಿಂತವರ ಮುಂದ ಯಾರ ಗಂಟಲದಾಗೂ ತುತ್ತು ಇಳಿಯಂಗಿಲ್ಲ. ಕೂಡ್ರಿ, ನೀವೂ ಕೂಡ್ರಿ."

"ನಮಗ ಬ್ಯಾಡ್ರಿ ತಾಯಿ, ನಾವು ಬರೇ ನೋಡಾಕ ಬಂದೀವಿ."

"ಒಂದ ರೊಟ್ಟಿ. ನನ್ನ ಮ್ಯಾಲೆ ಆಣಿ."

ಉಪಚಾರಕ್ಕೆ ಎರಡನೆಯ ಸಲ ಬೇಡ ಎನ್ನುವುದು ಆ ಸೀಮೆಯಲ್ಲಿ ಅವಮಾನ. ಪತ್ರಿಕೆಯವರೂ ಇದ್ದರು. ಇಪ್ಪತ್ತೈದು ಮಂದಿಯೂ ಪ್ಯಾಂಟಿನ ಮೊಣಕಾಲು ಎಳೆದುಕೊಂಡು ಸಾಲಿನ ತುದಿಯಲ್ಲಿ ಕುಳಿತರು. ಸಾಲಿನಲ್ಲಿ ಕುಳಿತವರೆಲ್ಲ ಬಳೆ ತೊಡಬೇಕು ಎಂಬ ನಿಯಮವಿತ್ತು. ಇಂದುಮತಿಯ ಸಹಾಯಕರು ಅವರಿಗೂ ಬಳೆ ತೊಡಿಸಿದರು.

ಬೆಲೆ ಏರತೊಡಗಿತು. ಎಂಟು, ಒಂಬತ್ತು, ಹತ್ತು. ಗೆರೆ ಅಲುಗಲಿಲ್ಲ. ಇನಾಮದಾರರು ಪತ್ರಕರ್ತನೊಬ್ಬನ ಕಡೆ ನೋಡಿ ಹುಬ್ಬೇರಿಸಿದರು. ಹನ್ನೆರಡಕ್ಕೆ ಒಬ್ಬ ಮುದಿ ಹಮಾಲನ ಬಿಲ್ಲೆ ತೀರಿತು. ಅವನು ನಿಯಮದಂತೆ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಖಾಲಿ ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತ. ಅವನ ಬದಿಗೆ ಕುಳಿತಿದ್ದವಳು ರೊಟ್ಟಿ ಕೇಂದ್ರದ ಮಾಬೂಬಿ. ಬದಿಯವನ ತಾಟು ಖಾಲಿಯಿದ್ದಾಗ ತನ್ನ ತಾಟಿನಲ್ಲಿ ಕೈಯಾಡಿಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ರೊಟ್ಟಿ ಮುರಿದು ಅರ್ಧ ಅವನ ತಾಟಿಗೆ ಹಾಕಿದಳು.

"ತಿನ್ರಿ ಅಣ್ಣಾರ. ಒಬ್ಬಾಕಿನ ಹೆಂಗ ತಿನ್ನೂದು?"

ಅವಳ ಬಳೆ ಟಿಂಗ್ ಎಂದಿತು: ವಸ್ತು ಕೈ ಬಿಟ್ಟಿದೆ. ಅಲ್ಲಿಂದ ಸಾಲಿನುದ್ದಕ್ಕೂ ಮುರಿದ ರೊಟ್ಟಿಗಳು ಆಚೀಚೆ ಹೋದವು. ಟಿಂಗ್, ಟಿಂಗ್, ಟಿಂಗ್. ಯಾರಿಗೂ ಕ್ರಾಂತಿ ಮಾಡುವ ಉದ್ದೇಶವಿರಲಿಲ್ಲ. ಪಂಗ್ತಿಯಲ್ಲಿ ಕುಳಿತಾಗ ಮಾಡುವುದನ್ನು ಮಾಡಿದರು, ಅಷ್ಟೆ. ಬೆಲೆ ಎರಡು ಪಟ್ಟಾಗುವ ಹೊತ್ತಿಗೆ ಪೂರ್ತಿ ರೊಟ್ಟಿ ಹಿಡಿದಿದ್ದ ಕೈಗಳು ಹದಿನಾರು. ತೆರೆಯ ಮೇಲೆ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿದು 'ಸಡಿಲ' ಎಂಬ ಅಕ್ಷರ ಮೂಡಿತು.

ಇನಾಮದಾರರ ಸಣ್ಣ ದನಿ ದೊಡ್ಡದಾಯಿತು. "ಇದು ಪರೀಕ್ಷಾ ಅಲ್ಲ! ಅರ್ಧಾ ಕೊಟ್ಟರ ಅದು ಬಿಟ್ಟಂಗೇನು? ನಾಳೆ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕೂಡಿಸ್ರಿ. ಒಬ್ಬೊಬ್ಬರಽ ಇದ್ದಾಗ ಯಾರೂ ರೊಟ್ಟಿ ಬಿಡಂಗಿಲ್ಲ."

ಇಂದುಮತಿ ಯಂತ್ರದ ಪಕ್ಕದಿಂದ ಎದ್ದು ಮುಂದೆ ಬಂದಳು. ಸುಮ್ಮನೆ 'ಸಡಿಲ' ಎಂದು ಬರೆದು ಸಹಿ ಹಾಕಿದ್ದರೆ ರೊಟ್ಟಿ ಉಳಿಯುತ್ತಿತ್ತು. ಬಸಲಿಂಗವ್ವನ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಬರುವ ವರ್ಷ ಅವರು ಡಬ್ಬಿಯಂಥ ಕೋಣೆಗಳನ್ನೇ ಕಟ್ಟಿಸಿ ಮತ್ತೆ ಬರುತ್ತಿದ್ದರು. ಮೇಲಾಗಿ ಸುಳ್ಳು ಅಳತೆಯ ಮರೆಯಲ್ಲಿ ಅಡಗುವ ರೂಢಿ ಅವಳಿಗಿರಲಿಲ್ಲ.

"ಸರ್ ಹೇಳೂದು ಖರೆ ಐತಿ," ಎಂದಳು. "ಒಬ್ಬೊಬ್ಬರಽ ಇದ್ದಾಗ ಈ ಮಂದಿ ರೊಟ್ಟಿ ಬಿಡಂಗಿಲ್ಲ. ನಮ್ಮ ಮನ್ಯಾಗ ನಾನಽ ನೋಡೀನಿ. ಆದ್ರ ಕಲಂ ಹನ್ನೊಂದು ಏನಂತೈತಿ? ಅಳದಿದ್ದರಾಗ ಎಲ್ಲಾದಕ್ಕಿಂತ ಅಚಲ ಯಾವದೋ ಅದಕ್ಕ ಪ್ರಮಾಣಪತ್ರ. ಇವತ್ತ ಎರಡನೇ ಒಂದು ವಸ್ತು ಅಳೀತೀನಿ."

ಅವಳು ಸಾಲಿನ ತುದಿಯ ಇಪ್ಪತ್ತೈದು ಬಳೆಗಳನ್ನು ಮಾತ್ರ ತೆರೆಗೆ ಜೋಡಿಸಿದಳು. ಹೊಸ ಬರಹ ಮೂಡಿತು. ವಸ್ತು: ಆದಾಯ. ಗಳಿಕೆಯ ನೂರರಲ್ಲಿ ಇಷ್ಟು ಹೋದರೆ ಈಗಿನ ಹುದ್ದೆಯನ್ನು, ವ್ಯಾಪಾರವನ್ನು ಬಿಡುವಿರಾ?

"ಏನ ನಡಸೀರಿ ಇದು?" ಇನಾಮದಾರರು ಏಳಲು ಹೋದರು.

ಬಸಲಿಂಗವ್ವ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಪಂಗ್ತಿ ನಡುವ ಏಳಬಾರದ್ರಿ ಸಾಹೇಬ್ರ. ಉಣ್ಣಾಕ ಕುಂತವರ ಬಾಯಾಗಿನ ತುತ್ತ ಕಸಗೊಂಡಂಗ ಆಗತೈತಿ."

ಹುಬ್ಬಳ್ಳಿಯಲ್ಲಿ ಹುಟ್ಟಿ, ಅಜ್ಜಿಯ ಕೈಯಲ್ಲಿ ಬೈಸಿಕೊಂಡು ಬೆಳೆದ ಮೊಣಕಾಲುಗಳು ಅಲ್ಲೇ ನಿಂತವು. ಅವರು ಮತ್ತೆ ಕುಳಿತರು. ಕುಳಿತ ಮೇಲೆ ನಾಡಿ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು, ಬಳೆ ತನ್ನ ಪಾಡಿಗೆ ತಾನು ಓದುತ್ತಿತ್ತು.

ನೂರಕ್ಕೆ ಹತ್ತು. ಗೆರೆ ನೆಟ್ಟಗಿತ್ತು. ಇಪ್ಪತ್ತು. ನೆಟ್ಟಗೇ ಇತ್ತು. ಬಂಗಾರದ ವ್ಯಾಪಾರಿಯೊಬ್ಬರು "ನಾ ಅಂಗಡಿ ಮುಚ್ಚಿಬಿಡ್ತೀನಿ ನೋಡ್ರಿ!" ಎಂದು ಕೂಗಿದರು. ಅವರ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಹಮಾಲರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂವತ್ತು. ನಲವತ್ತು. ನಲವತ್ತರ ಹೊತ್ತಿಗೆ ಇನ್ನೂರು ಜನರೂ ಊಟ ಮರೆತು ತೆರೆಯನ್ನೇ ನೋಡುತ್ತಿದ್ದರು. ಐವತ್ತಕ್ಕೆ ಒಂದೆರಡು ಗೆರೆ ನಡುಗಿದವು, ಬೀಳಲಿಲ್ಲ. ಹುದ್ದೆ ಬಿಡುವವರು ಯಾರೂ ಇರಲಿಲ್ಲ. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಕೈಗಳು ಹಿಡಿದೇ ಇದ್ದವು. ಒಂಬತ್ತು ವರ್ಷದಲ್ಲಿ ಯಾವ ವಸ್ತುವಿಗೂ, ಕೂಸಿನ ಹಾಲುಪುಡಿಗೂ, ಅಷ್ಟು ಗಟ್ಟಿ ಓದು ಬಂದಿರಲಿಲ್ಲ.

"ದುಡಿಯೂ ಕೈ ದುಡಿಯೂದು ಬಿಡತೈತಿ ಅಂತ ಹೇಳಿ ಇದನ್ನ ರದ್ದು ಮಾಡಿದ್ರಿ," ಎಂದಳು ಇಂದುಮತಿ. "ಅಳದಿರಲಿಲ್ಲ ಯಾರೂ. ಈಗ ಅಳದೀನಿ. ಇದ್ದವರು ತಮ್ಮ ಗಳಿಕಿ ಹಿಡಕೊಂಡಂಗ ಇಲ್ಲದವರು ರೊಟ್ಟಿನೂ ಹಿಡಕೊಂಡಿಲ್ಲ. ಬಿಡದ ವಸ್ತುವಿಗೆ ತೆರಿಗಿ ಅಂದವರು ನೀವು. ಗಾಳಿಗೆ ಒಂದ ಪೈಸಾನೂ ಹೋಗಂಗಿಲ್ಲ. ನಿಮ್ಮ ಲೆಕ್ಕಾನಽ ನಾ ಪಾಲಿಸಾಕತ್ತೀನಿ ಸರ್."

ಅವಳು ಪ್ರಮಾಣಪತ್ರದ ಹಾಳೆಯನ್ನು ತಾಟಿನ ಬೆನ್ನಿನ ಮೇಲಿಟ್ಟುಕೊಂಡು ಬರೆದಳು. ವಸ್ತುವಿನ ಹೆಸರು ಎಂಬಲ್ಲಿ 'ಆದಾಯ'. ಅಳತೆ ಎಂಬಲ್ಲಿ 'ಅಚಲ'. ಕೆಳಗೆ ಸಹಿ, ಮುದ್ರೆ. ಕಲಂ ಹನ್ನೊಂದರ ಪ್ರಕಾರ ಇನ್ನು ಒಂದು ವರ್ಷ ರೊಟ್ಟಿಯ ತಂಟೆಗೆ ಯಾರೂ ಬರುವಂತಿರಲಿಲ್ಲ. ಈ ಹೆಸರನ್ನು ವಿಧಾನಸಭೆಯಲ್ಲಿ ಗಟ್ಟಿಯಾಗಿ ಓದದೆ ಬಿಡುವಂತೆಯೂ ಇರಲಿಲ್ಲ. ಪತ್ರಕರ್ತರು ಹಾಳೆಯ ಚಿತ್ರ ತೆಗೆದುಕೊಂಡರು. ಮಾಬೂಬಿ ಕೈಯೆತ್ತಿ ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ.

ಸಾಲಿನವರ ಊಟ ಮುಗಿದಿತ್ತು. ಇನಾಮದಾರರು ಈಗ ಎದ್ದರು. ದನಿ ಮತ್ತೆ ಸಣ್ಣದಾಗಿತ್ತು. "ಇಷ್ಟು ಮಾಡಿ ನಾಳೆ ಆ ಕುರ್ಚಿಯೊಳಗ ಕೂಡ್ತೀನಿ ಅಂತ ತಿಳಕೊಂಡೀರೇನು? ಇಪ್ಪತ್ತೆರಡು ವರ್ಷದ ಕೆಲಸ ನಿಮ್ಮದು. ಬಿಟ್ಟು ಇರ್ತೀರೇನು ನೀವು? ಆ ಹಾಳಿ ಹರದು ಹಾಕ್ರಿ, ನಾ ಎಲ್ಲಾ ಮರೀತೀನಿ."

ಮಾತು ಅವಳಿಗೆ ತಾಗಿತು. ತಾಗದೆ ಏನು? ತಾನು ಮೊದಲು ಮಾಡಿದ ಮೂಲಮಾಪಕ ಇರುವ ಕೊಠಡಿಯ ಬೀಗದಕೈ ಅವಳ ಕೊರಳಲ್ಲಿತ್ತು. ಆ ಯಂತ್ರದ ಪ್ರತಿ ತಂತಿಯನ್ನೂ ಅವಳು ಕೈಯಾರೆ ಎಳೆದಿದ್ದಳು. ಗಂಡ ತೀರಿದ ವಾರ ಅದರ ಮುಂದೆಯೇ ಕುಳಿತು ಅತ್ತಿದ್ದಳು. ಅವಳು ಬೀಗದಕೈಯನ್ನು ಕೊರಳಿನಿಂದ ತೆಗೆದು ಬಲಮುಷ್ಟಿಯಲ್ಲಿ ಹಿಡಿದಳು, ಮಾಬೂಬಿಯ ಕೈಯಿಂದ ಬಳೆ ಇಸಿದುಕೊಂಡು, ಅದನ್ನು ತೆರೆಗೆ ಜೋಡಿಸಿ ತಾನು ತೊಟ್ಟಳು.

ತೆರೆಯ ಮೇಲೆ ಒಂದು ಗೆರೆ ಎದ್ದಿತು. ಹಾಲುಪುಡಿಯನ್ನು ದಾಟಿತು, ಆದಾಯವನ್ನೂ ದಾಟಿತು, ತೆರೆಯ ಮೇಲಂಚಿಗೆ ಹೋಗಿ ನಿಂತಿತು.

"ನೋಡ್ರಿ ಸರ್. ಇಷ್ಟ ಬೇಕು ನನಗ ಇದು. ಸುಳ್ಳು ಹೇಳಂಗಿಲ್ಲ."

ಹಾಗೆಂದು ಬೀಗದಕೈಯನ್ನು ಅವರ ತಾಟಿನಲ್ಲಿ, ಅವರು ಮುಟ್ಟದೆ ಬಿಟ್ಟಿದ್ದ ರೊಟ್ಟಿಯ ಮೇಲೆ ಇಟ್ಟಳು.

ಗೆರೆ ಇಳಿಯಲಿಲ್ಲ. ಕೈ ಖಾಲಿ, ಹಂಬಲ ಪೂರ್ತಿ. ಯಂತ್ರ ಎರಡು ಸಲ ಕಿರುಚಿಕೊಂಡು 'ಓದು ಅಸಾಧ್ಯ' ಎಂದು ತೋರಿಸಿತು. ಬೇಕಾದದ್ದನ್ನು ಮನುಷ್ಯ ಬೆಲೆ ಕೇಳದೆ ಬಿಟ್ಟಾನು ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದನ್ನು ಮಾಡಿದವಳಿಗೂ ಅದು ಆಗಷ್ಟೇ ಗೊತ್ತಾದದ್ದು.

ಇನಾಮದಾರರು ಬೀಗದಕೈಯನ್ನು ನೋಡುತ್ತ ನಿಂತರು. ಬಸಲಿಂಗವ್ವ ಒಂದು ತಾಟಿಗೆ ಬುಟ್ಟಿಯ ರೊಟ್ಟಿ ಹಾಕಿ ಜಮಖಾನೆಯ ಮೇಲೆ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಎಂದಿನ ಗದರಿಕೆಯೇ.

"ಮುಂಜಾನಿಂದ ಹೊಟ್ಟಿಗೆ ಏನೂ ಹಾಕ್ಕೊಂಡಿಲ್ಲ ನೀನು. ಕೂಡ್ರು."

ಇಂದುಮತಿ ಬಳೆ ಕಳಚಿ ನೆಲದ ಮೇಲಿಟ್ಟು, ಮಾಬೂಬಿಗೂ ಹಮಾಲನಿಗೂ ನಡುವೆ ಜಾಗ ಮಾಡಿಕೊಂಡು ಕುಳಿತಳು. ತೆರೆಗೆ ಬೆನ್ನು ಹಾಕಿ ರೊಟ್ಟಿ ಮುರಿದಳು.